ಎದುರಿನ ಅಟ್ಟಣೆಯವನು

ಮರಳುಗಾಡಿನ ಅಂಚಿನಲ್ಲಿ, ದೇಶ ಮುಗಿಯುವ ಜಾಗದಲ್ಲಿ, ಒಬ್ಬ ಗುರು ಮತ್ತು ಒಬ್ಬ ಶಿಷ್ಯ ಇದ್ದರು. ಇಬ್ಬರೂ ಸೈನಿಕರು. ಗುರುವಿಗೆ ಆಶ್ರಮವಿರಲಿಲ್ಲ. ಮರಳಿನ ಚೀಲ ಪೇರಿಸಿ, ಮೇಲೆ ತಗಡು ಹೊದಿಸಿದ ಒಂದು ಗುಂಡಿಯಿತ್ತು. ಶಿಷ್ಯನಿಗೂ ಅಂಥದೇ ಒಂದು ಗುಂಡಿ.

ಗುರುವಿನ ಹೆಸರು ಸುಬೇದಾರ ಪರಸೋಜಿ. ಬೆಳಗಾವಿ ಸೀಮೆಯವರು, ನಿವೃತ್ತಿಯ ಹೊಸ್ತಿಲಲ್ಲಿ ನಿಂತವರು. ತುಕಡಿಯವರೆಲ್ಲ ಅವರನ್ನು ಸುಬೇದಾರ ಸಾಹೇಬರು ಎಂದರೆ, ಶಿಷ್ಯ ಫಕೀರಪ್ಪ ಮಾತ್ರ ಉಸ್ತಾದರು ಎನ್ನುತ್ತಿದ್ದ. ಸೈನ್ಯದಲ್ಲಿ ಕಲಿಸಿದವರಿಗೆ ಹಾಗೆನ್ನುವ ರೂಢಿ. ಗದಗಿನ ಕಡೆಯ ಆ ಹುಡುಗ ಭರ್ತಿಯಾಗಿ ಬಂದ ಹೊಸದರಲ್ಲಿ ಅವನ ಕೈಗೆ ಬಂದೂಕು ಕೊಟ್ಟವರು ಅವರೇ. ಅರ್ಧ ಉಸಿರು ಬಿಟ್ಟು, ಅರ್ಧ ಹಿಡಿದು, ಬೆರಳನ್ನು ಮೆಲ್ಲಗೆ ಮಡಚುವುದನ್ನು ಕಲಿಸಿದವರೂ ಅವರೇ.

ಫಕೀರಪ್ಪ ಚೆನ್ನಾಗಿ ಕಲಿತ. ಇಡೀ ತುಕಡಿಯಲ್ಲಿ ಅವನಷ್ಟು ಗುರಿಯಿದ್ದವನು ಮತ್ತೊಬ್ಬನಿರಲಿಲ್ಲ.

ಅವನ ಊರಿನ ಶಾಲೆಯಲ್ಲಿ ಧ್ವಜ ಹಾರಿಸುವ ದಿನ ಒಬ್ಬ ಮುದುಕನನ್ನು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಹಿಂದೆಂದೋ ಯುದ್ಧಕ್ಕೆ ಹೋಗಿ ಬಂದವನು. ಒಂದು ಕಾಲು ಎಳೆಯುತ್ತಿದ್ದ. ಎದೆಯ ಮೇಲೆ ಪದಕಗಳು. ಅವನು ಬಂದಾಗ ಹೆಡ್ ಮಾಸ್ತರರೂ ಎದ್ದು ನಿಲ್ಲುತ್ತಿದ್ದರು. ಚಿಕ್ಕವನಿದ್ದಾಗ ಫಕೀರಪ್ಪ ಆ ಪದಕಗಳನ್ನು ಅಷ್ಟಾಗಿ ನೋಡಿದವನಲ್ಲ. ಅವನು ನೋಡಿದ್ದು ಎದ್ದು ನಿಲ್ಲುವ ಜನರನ್ನು.

ಯುದ್ಧ ಆಗಿಯೇ ಆಗುತ್ತದೆ ಎಂದು ಅವರನ್ನೆಲ್ಲ ರೈಲು ಹತ್ತಿಸಿದ್ದರು. ರೈಲು ನಿಂತಲ್ಲೆಲ್ಲ ಜನ ಹಾರ ಹಾಕಿದರು, ಪೂರಿ ಪಲ್ಯ ಕೊಟ್ಟರು. ಮುದುಕಿಯರು ಕಿಟಕಿಯೊಳಗೆ ಕೈ ಚಾಚಿ ಹಣೆಗೆ ಕುಂಕುಮ ಹಚ್ಚಿದರು. ಆಮೇಲೆ ಲಾರಿ. ಆಮೇಲೆ ನಡಿಗೆ. ಆಮೇಲೆ ಮರಳು.

ಬಂದವರು ಮೋರ್ಚಾ, ಅಂದರೆ ಅಡಗಿ ಗುಂಡು ಹಾರಿಸುವ ಕಂದಕ, ತೋಡಿದರು. ಸಂಜೆ ಗಾಳಿ ಬಂದು ಅದನ್ನು ತುಂಬಿತು. ಬೆಳಿಗ್ಗೆ ಎದ್ದು ಮತ್ತೆ ತೋಡಿದರು. ಮುಂದೆ ಮುಳ್ಳುತಂತಿ ಎಳೆದರು. ತಂತಿಯ ಆಚೆ ನೆಲಬಾಂಬು ಹೂಳಿದರು, ಹೂಳಿದಲ್ಲಿ ಗುರುತಿನ ಗೂಟ ನೆಟ್ಟರು. ಬಂದೂಕು ಬಿಚ್ಚಿ ಒರೆಸಿ ಜೋಡಿಸಿದರು. ಜೋಡಿಸಿ ಮುಗಿಸುವುದರೊಳಗೆ ಮರಳು ಮತ್ತೆ ಹೊಕ್ಕಿರುತ್ತಿತ್ತು.

ಇಷ್ಟಾದ ಮೇಲೆ ಕಾಯುವುದೊಂದೇ ಉಳಿಯಿತು.

ಇಂದು ಆದೇಶ ಬರುತ್ತದೆ ಎಂದರು. ನಾಳೆ ಬರುತ್ತದೆ ಎಂದರು. ಚಳಿ ಬಂದು ಹೋಯಿತು. ಬಿಸಿಲು ಏರಿತು. ಕುಡಿಯುವ ನೀರಿಗೆ ಡಬ್ಬಿಯ ವಾಸನೆ, ರೊಟ್ಟಿಯ ಪ್ರತಿ ತುತ್ತಿನಲ್ಲೂ ಮರಳು. ಮೊದಮೊದಲು ಹಾಡು, ಇಸ್ಪೀಟು, ನಗೆ ಇದ್ದವು. ಬರಬರುತ್ತ ಒಬ್ಬೊಬ್ಬರೂ ತಮ್ಮ ತಮ್ಮ ಗುಂಡಿಯೊಳಗೆ ಇಳಿದು ಮೌನವಾದರು.

ಮಾತು ನಿಲ್ಲಿಸದವನು ಒಬ್ಬನೇ. ಅಡಿವೆಪ್ಪ. ಗೋಕಾಕದ ಕಡೆಯವನು, ಫಕೀರಪ್ಪನ ಗುಂಡಿಯಲ್ಲೇ ಮಲಗುವವನು. ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿ ಏನಾದರೊಂದು ಹೇಳುತ್ತಲೇ ಇರುತ್ತಿತ್ತು. ಫಕೀರಪ್ಪ ಅದಕ್ಕೆ ಹ್ಞೂಂಗುಟ್ಟುತ್ತಿದ್ದ. ಕಿವಿಯ ಪಕ್ಕ ಪಂಪ್‌ಸೆಟ್ಟು ಓಡುತ್ತಿದ್ದರೆ ಸ್ವಲ್ಪ ದಿನಕ್ಕೆ ಅದರ ಸದ್ದು ಕೇಳಿಸುವುದೇ ನಿಲ್ಲುತ್ತದಲ್ಲ, ಹಾಗಾಗಿತ್ತು ಅವನಿಗೆ.

ಒಂದು ಸಂಜೆ ಫಕೀರಪ್ಪ ಉಸ್ತಾದರ ಬಳಿ ಹೋದ. ಅವರು ಮರಳಿನಿಂದಲೇ ತಮ್ಮ ಊಟದ ತಟ್ಟೆ ತಿಕ್ಕುತ್ತಿದ್ದರು. ಅಲ್ಲಿ ಪಾತ್ರೆ ತೊಳೆಯಲು ನೀರು ಸಿಗುತ್ತಿರಲಿಲ್ಲ.

"ಉಸ್ತಾದ್ರಿ, ಯುದ್ಧ ಯಾವಾಗ್ರಿ?"

"ಯಾಕ, ಏನಾತು?"

"ಏನೂ ಆಗವಲ್ದು. ಅದಕ್ಕ ಕೇಳಿದ್ನಿ. ದಿನಾ ಏಳೂದು, ಕುಂದರೂದು, ಮಲಗೂದು. ಹಿಂಗ ವಯಸ್ಸು ಹೋಗಾಕತ್ತೈತ್ರಿ."

ಉಸ್ತಾದರು ತಟ್ಟೆ ಕೊಡವಿದರು. ಗಡಿಯ ಆಚೆ, ಬಿಸಿಲಿನ ಹಬೆಯಲ್ಲಿ ನಡುಗುತ್ತಿದ್ದ ಎದುರಾಳಿಗಳ ಅಟ್ಟಣೆಯ ಕಡೆಗೆ ಗದ್ದ ಎತ್ತಿ ತೋರಿಸಿದರು. ನಾಲ್ಕು ಕಂಬ, ಮೇಲೊಂದು ಹಲಗೆ, ಹಲಗೆಯ ಮೇಲೆ ಒಬ್ಬ ಕಾವಲಿನವನು.

"ಅಂವ ಏನ್ ಮಾಡಾಕತ್ತಾನ?"

"ಏನಿಲ್ರಿ. ನಿಂತಾನ."

"ನಾಳಿಯಿಂದ ಅವನ್ನ ನೋಡು. ಸಂಜಿಗೆ ಬಂದು ಏನ್ ನೋಡಿದಿ ಹೇಳು."

ಫಕೀರಪ್ಪನಿಗೆ ಇದು ಯುದ್ಧದ ತಯಾರಿಯೇ ಇರಬೇಕೆನ್ನಿಸಿತು. ಮರುದಿನ ಬೆಳಕು ಹರಿಯುತ್ತಲೇ ಬಂದೂಕಿನ ದುರ್ಬೀನಿಗೆ ಕಣ್ಣು ಹಚ್ಚಿ ಕೂತ. ಸಂಜೆ ಹೋಗಿ, ಅವನು ನಿಂತಿದ್ದ, ಸುತ್ತಾಡಿದ, ಇಳಿದು ಹೋದ ಎಂದು ವರದಿ ಕೊಟ್ಟ.

ಉಸ್ತಾದರು ಮತ್ತೆ ನೋಡು ಎಂದರು.

ಎರಡನೆಯ ಸಂಜೆಯೂ ಅದೇ ವರದಿ, ಅದೇ ಉತ್ತರ. ಮೂರನೆಯ ಸಂಜೆ ಫಕೀರಪ್ಪನಿಗೆ ಸಿಟ್ಟು ಬಂದಿತ್ತು. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಹೇಳಿಬಿಟ್ಟ. ಉಸ್ತಾದರು ತಮ್ಮ ಪಾಲಿನ ಚಹಾ ಅವನ ಮುಂದೆ ಸರಿಸಿ ಎದ್ದು ಹೋದರು.

ನಾಚಿಕೆಗೋ ಹಟಕ್ಕೋ, ಮರುದಿನ ಅವನು ನಿಜವಾಗಿ ನೋಡಿದ.

ಎದುರಿನವನು ಬೆಳಿಗ್ಗೆ ಅಟ್ಟಣೆ ಹತ್ತಿದ ಕೂಡಲೇ ಒಂದು ಗೋಣಿಯ ತುಂಡಿನಿಂದ ಹಲಗೆಯ ಮೇಲಿನ ಮರಳು ಗುಡಿಸುತ್ತಿದ್ದ. ಮಧ್ಯಾಹ್ನದೊಳಗೆ ಮತ್ತೆ ಅಷ್ಟೇ ಮರಳು ಬಂದು ಬೀಳುತ್ತಿತ್ತು. ಮರುದಿನ ಮತ್ತೆ ಗುಡಿಸುತ್ತಿದ್ದ. ನೀರನ್ನು ಎಡಗೈಯಲ್ಲಿ ಎತ್ತಿ ಕುಡಿಯುತ್ತಿದ್ದ. ಬೂಟು ಅವನದಲ್ಲ, ಕಾಲಿಗಿಂತ ದೊಡ್ಡದು. ತಿರುಗುವಾಗ ಹಿಮ್ಮಡಿ ಒಳಗೇ ಜಾರುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಬಂದೂಕಿಗೆ ಗಲ್ಲ ಆನಿಸಿ ನಿಲ್ಲುತ್ತಿದ್ದ. ಆಗ ಅವನ ತುಟಿಗಳು ಅಲುಗುತ್ತಿದ್ದವು. ಹಾಡೋ, ಪ್ರಾರ್ಥನೆಯೋ, ಯಾರನ್ನಾದರೂ ಬೈಯುತ್ತಿದ್ದನೋ ಗೊತ್ತಾಗುತ್ತಿರಲಿಲ್ಲ.

ವರದಿಗಳು ದಿನದಿನಕ್ಕೆ ಉದ್ದವಾದವು. ಉಸ್ತಾದರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಇದನ್ನೆಲ್ಲ ನನ್ನಿಂದ ಯಾಕೆ ಮಾಡಿಸುತ್ತೀರಿ ಎಂದು ಫಕೀರಪ್ಪ ಒಮ್ಮೆ ಕೇಳಿದ.

"ಗುರಿ ಇಡೂದು ನಿನಗ ನಾನ ಕಲಿಸೀನಿ," ಎಂದರು ಉಸ್ತಾದರು. "ಅದರಕಿಂತ ಮೊದಲಿಂದು ಕಲಿಸೂದು ಬಿಟ್ಟಿದ್ದೆ."

ಅಷ್ಟರಲ್ಲಿ ಬಿರುಗಾಳಿಯ ಕಾಲ ಬಂತು. ಒಂದು ದಿನ ಹಗಲೇ ಕತ್ತಲಾಯಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಬ್ಬರ ಕೈ ಒಬ್ಬರಿಗೆ ಕಾಣದಂತೆ ಕೂತರು. ಗಾಳಿ ನಿಂತಾಗ ನೆಲದ ರೂಪವೇ ಬದಲಾಗಿತ್ತು. ದಿಬ್ಬವಿದ್ದಲ್ಲಿ ತಗ್ಗು, ತಗ್ಗಿದ್ದಲ್ಲಿ ದಿಬ್ಬ. ಮುಳ್ಳುತಂತಿ ಅಲ್ಲಲ್ಲಿ ಮಲಗಿತ್ತು. ಗುರುತಿನ ಗೂಟಗಳು ಕೆಲವು ಕಿತ್ತು ಹೋಗಿದ್ದವು, ಕೆಲವು ಹೂತು ಹೋಗಿದ್ದವು.

ಮರುದಿನ ಬೆಳಿಗ್ಗೆ ತಂತಿ ನೆಟ್ಟಗೆ ಮಾಡಲು ಕೆಲವರನ್ನು ಕಳಿಸಿದರು. ಅವರಲ್ಲಿ ಅಡಿವೆಪ್ಪನೂ ಇದ್ದ.

ಫಕೀರಪ್ಪ ದುರ್ಬೀನಿಗೆ ಕಣ್ಣು ಹಚ್ಚಿ ತನ್ನ ಕೆಲಸದಲ್ಲಿದ್ದ. ಎದುರಿನವನು ಅಂದು ಬಹಳ ಹೊತ್ತು ಗುಡಿಸುತ್ತಿದ್ದ.

ಆಗ ಸಪ್ಪಳವಾಯಿತು.

ನೆಲ ಅದುರಿತು. ಇಡೀ ತುಕಡಿ ಒಂದೇ ಉಸಿರಿಗೆ ಮೋರ್ಚಾಗಳಿಗೆ ಹಾರಿತು. ಬಂದೂಕುಗಳು ಹೆಗಲಿಗೇರಿದವು. ಯಾರೋ ಶುರುವಾಯಿತು, ಶುರುವಾಯಿತು ಎಂದು ಕೂಗಿದರು. ಫಕೀರಪ್ಪನ ಎದೆ ಹಕ್ಕಿಯಂತೆ ಮೇಲೆದ್ದಿತು. ಕೊನೆಗೂ ಬಂತು ಎನ್ನಿಸಿತು ಅವನಿಗೆ. ಅಷ್ಟು ಹಗುರವಾದ ಸಂತೋಷ ಅವನಿಗೆ ಎಷ್ಟೋ ತಿಂಗಳಿಂದ ಆಗಿರಲಿಲ್ಲ.

ಎರಡನೆಯ ಸಪ್ಪಳ ಬರಲಿಲ್ಲ.

ತಂತಿಯ ಹತ್ತಿರ ಹೊಗೆ ಸರಿಯಿತು. ಅಲ್ಲಿ ಓಡುತ್ತಿದ್ದವರು ನಮ್ಮವರೇ. ಕೂಗುತ್ತಿದ್ದವರೂ ನಮ್ಮವರೇ. ಅಡಿವೆಪ್ಪ ಕಾಲಿಟ್ಟ ಬಾಂಬು, ಅವರೇ ತಮ್ಮ ಕೈಯಾರೆ ಹೂಳಿದ್ದು.

ಮಧ್ಯಾಹ್ನ ಲಾರಿ ಬಂತು. ಕಂಬಳಿ ಹೊದಿಸಿದ ದೇಹವನ್ನು ಎತ್ತಿ ಇಟ್ಟರು. ತುಕಡಿಯ ದೊಡ್ಡ ಸಾಹೇಬರು ನಾಲ್ಕು ಮಾತಾಡಿದರು. ಲಾರಿ ಹೋಯಿತು. ಅದು ಎಬ್ಬಿಸಿದ ಧೂಳು ಲಾರಿಗಿಂತ ಹೆಚ್ಚು ಹೊತ್ತು ನಿಂತಿತ್ತು. ಫಕೀರಪ್ಪನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಗುಂಡಿಗೆ ಮರಳಿದಾಗ ಅಡಿವೆಪ್ಪನ ಹಾಸಿಗೆ ಅವನು ಎದ್ದು ಹೋದ ಹಾಗೆಯೇ ಇತ್ತು, ದಿಂಬಿನಲ್ಲಿ ತಲೆಯ ತಗ್ಗು ಸಮೇತ. ಸಾಮಾನು ಒಯ್ಯಲು ಬಂದವರು ಹಾಸಿಗೆ, ಪೆಟ್ಟಿಗೆ ಎಲ್ಲ ಕಟ್ಟಿಕೊಂಡು ಹೋದರು. ಗುಂಡಿಯ ಅರ್ಧ ಬರಿದಾಯಿತು. ಆ ಅರ್ಧಕ್ಕೆ ಫಕೀರಪ್ಪ ತನ್ನ ಒಂದು ವಸ್ತುವನ್ನೂ ಸರಿಸಲಿಲ್ಲ. ತನ್ನ ಅರ್ಧದಲ್ಲೇ ಮುದುಡಿ ಮಲಗುತ್ತಿದ್ದ. ನಿಂತು ಹೋದ ಪಂಪ್‌ಸೆಟ್ಟಿನ ಸದ್ದು ಈಗ ಅವನಿಗೆ ಕೇಳಿಸುತ್ತಿತ್ತು.

ಅವನು ಉಸ್ತಾದರಲ್ಲಿಗೆ ಹೋಗಿ ಕೇಳಿದ.

"ಅಂವ ಯಾತಕ್ಕ ಸತ್ತ?"

"ಕಾಲಿಟ್ಟಲ್ಲಿ ಬಾಂಬಿತ್ತು. ಸತ್ತ."

"ಅದನ್ನಲ್ರಿ ನಾ ಕೇಳಿದ್ದು."

"ನನಗ ಗೊತ್ತಿದ್ದದ್ದು ಅಷ್ಟ."

ಫಕೀರಪ್ಪ ಹಲ್ಲು ಕಚ್ಚಿಕೊಂಡು ಹಿಂತಿರುಗಿದ. ಯುದ್ಧ ಆಗಿದ್ದರೆ ಅಡಿವೆಪ್ಪನ ಸಾವಿಗೆ ಒಂದು ಹೆಸರಿರುತ್ತಿತ್ತು. ಕೊಂದವನೊಬ್ಬ ಇರುತ್ತಿದ್ದ. ಈಗ ಏನಿದೆ? ಗಾಳಿಯನ್ನು ಹಿಡಿದು ಬಡಿಯಲಾಗುವುದಿಲ್ಲ, ಮರಳಿಗೆ ಗುಂಡು ಹೊಡೆಯಲಾಗುವುದಿಲ್ಲ. ಯೋಚಿಸುತ್ತ ಯೋಚಿಸುತ್ತ ಅವನ ತಲೆಯಲ್ಲಿ ಎಲ್ಲ ದಾರಿಗಳೂ ಒಂದೇ ಕಡೆಗೆ ಹೋಗಿ ನಿಂತವು. ಎದುರಿನ ಅಟ್ಟಣೆಯವನು ಅಲ್ಲಿ ನಿಂತಿದ್ದಕ್ಕೇ ತಾನೇ ಇವರೆಲ್ಲ ಇಲ್ಲಿಗೆ ಬಂದದ್ದು, ತಂತಿ ಎಳೆದದ್ದು, ಬಾಂಬು ಹೂಳಿದ್ದು.

ಒಂದು ಗುಂಡು ಸಾಕು. ಅವನು ಬೀಳುತ್ತಾನೆ. ಆಮೇಲೆ ಆಚೆಯವರು ಸುಮ್ಮನಿರುವುದಿಲ್ಲ, ಈಚೆಯವರೂ ಸುಮ್ಮನಿರುವುದಿಲ್ಲ. ಈ ದಿಬ್ಬದಿಂದ ಆ ದಿಬ್ಬಕ್ಕೆ ಬೆಂಕಿ ಹತ್ತುತ್ತ ಹೋಗುತ್ತದೆ. ಆಗಲಿ ಎಂದುಕೊಂಡ.

ಮರುದಿನ ಇಳಿಹೊತ್ತಿನಲ್ಲಿ ಅವನು ಬಂದೂಕನ್ನು ಮರಳಿನ ಚೀಲದ ಮೇಲೆ ಇಟ್ಟು ಬೋರಲಾಗಿ ಮಲಗಿದ. ದುರ್ಬೀನಿನ ಗೆರೆಗಳ ನಡುವೆ ಎದುರಿನವನ ಎದೆ ಬಂತು. ಅರ್ಧ ಉಸಿರು ಬಿಟ್ಟ. ಅರ್ಧ ಹಿಡಿದ. ಬೆರಳು ಮೆಲ್ಲಗೆ ಬಂದೂಕಿನ ಕುದುರೆಗೆ ತಾಗಿತು.

ಪಕ್ಕದಲ್ಲಿ ಮರಳು ಸರಿದ ಸದ್ದಾಯಿತು. ಉಸ್ತಾದರು ಬಂದು ಅವನ ಮಗ್ಗುಲಲ್ಲಿ ಕೂತಿದ್ದರು. ಬಂದೂಕನ್ನು ಅವರು ಕಿತ್ತುಕೊಳ್ಳಲಿಲ್ಲ. ಅವನ ಹೆಗಲನ್ನೂ ಮುಟ್ಟಲಿಲ್ಲ. ಎದುರಿನ ಬಯಲನ್ನು ನೋಡುತ್ತ, ದಿನವೂ ಕೇಳುವ ದನಿಯಲ್ಲೇ ಕೇಳಿದರು.

"ಏನ್ ಮಾಡಾಕತ್ತಾನ?"

ಫಕೀರಪ್ಪ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ.

"ಫಕೀರಪ್ಪ. ಏನ್ ಮಾಡಾಕತ್ತಾನ?"

ಬಹಳ ದಿನದ ಅಭ್ಯಾಸ. ಬೆರಳು ಕುದುರೆಯ ಮೇಲಿದ್ದರೂ ಬಾಯಿ ತಾನಾಗಿ ತೆರೆಯಿತು.

"ಉಗುರು ತಕ್ಕೊಳ್ಳಾಕತ್ತಾನ್ರಿ."

"ಯಾವ ಕೈದು?"

"ಬಲಗೈದು ಮುಗಿದಾವು. ಈಗ ಎಡಗೈದು."

"ಎಷ್ಟು ಉಳಿದಾವು?"

"ಕಿರಿಬೆರಳ, ಉಂಗುರಬೆರಳ. ಹೆಬ್ಬಟ್ಟಿಂದೂ ಐತ್ರಿ."

"ಮುಗಿಸ್ಲಿ," ಎಂದರು ಉಸ್ತಾದರು.

ಇಬ್ಬರೂ ಕಾದರು. ಎದುರಿನವನಿಗೆ ಅವಸರವಿರಲಿಲ್ಲ. ಒಂದೊಂದು ಬೆರಳನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮುಗಿದ ಮೇಲೆ ಮಡಿಲಲ್ಲಿ ಬಿದ್ದ ಉಗುರುಗಳನ್ನು ಒಟ್ಟುಮಾಡಿ ಅಟ್ಟಣೆಯ ಕೆಳಗೆ ಎಸೆದ. ಎರಡೂ ಕೈ ಮುಂದೆ ಚಾಚಿ, ಮದುವೆಗೆ ಹೊರಟವನಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಬಂದೂಕು ಹೆಗಲಿಗೆ ಹಾಕಿಕೊಂಡು ಏಣಿ ಇಳಿದು ಹೋದ.

ಅಟ್ಟಣೆ ಬರಿದಾಯಿತು. ಫಕೀರಪ್ಪ ಹಿಡಿದಿದ್ದ ಅರ್ಧ ಉಸಿರು ಆಗ ಹೊರಗೆ ಬಂತು. ಅವನು ಬೆರಳನ್ನು ಕುದುರೆಯಿಂದ ತೆಗೆದ. ಪಕ್ಕಕ್ಕೆ ತಿರುಗಿ ನೋಡಿದರೆ, ಉಸ್ತಾದರೂ ಆಗಷ್ಟೇ ಉಸಿರು ಬಿಡುತ್ತಿದ್ದರು.

ಆ ಸಂಗತಿಯನ್ನು ಅವರು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಫಕೀರಪ್ಪನ ನೌಕರಿ ಹೋಗುತ್ತಿತ್ತು, ಜೈಲೂ ಆಗುತ್ತಿತ್ತೇನೋ. ಶಿಕ್ಷೆಯನ್ನೂ ಕೊಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನಾಳೆಯೂ ನೋಡು ಎಂದಷ್ಟೇ ಹೇಳಿ ಎದ್ದು, ಮೊಣಕಾಲಿನ ಮರಳು ಕೊಡವಿಕೊಂಡು ಹೋದರು.

ಅವನು ನೋಡುತ್ತ ಹೋದ. ಬೇಸಿಗೆ ಬಲಿಯಿತು. ಮಾತಾಡಲು ಯಾರೂ ಇಲ್ಲದವನಿಗೆ ದುರ್ಬೀನಿನೊಳಗಿನ ಆ ಮನುಷ್ಯನೇ ದಿನದ ಜತೆಯಾದ. ಅವನು ಹತ್ತುವುದು ತಡವಾದರೆ ಫಕೀರಪ್ಪನಿಗೆ ಚಡಪಡಿಕೆ. ಅವನು ಕೆಮ್ಮಿದರೆ ಇವನ ಕೈ ತನ್ನ ಎದೆಗೆ ಹೋಗುತ್ತಿತ್ತು. ಹಗಲೆಲ್ಲ ಬಾಯಿ ಬಿಡದ ಫಕೀರಪ್ಪ ಸಂಜೆ ಉಸ್ತಾದರ ಮುಂದೆ ಅವನ ವಿಷಯ ಹೇಳುವಾಗ ಮಾತ್ರ ಮನುಷ್ಯನಂತೆ ಕಾಣುತ್ತಿದ್ದ.

ಒಂದು ಬೆಳಿಗ್ಗೆ ಅಟ್ಟಣೆಗೆ ಬೇರೊಬ್ಬ ಹತ್ತಿದ.

ಗಿಡ್ಡನೆಯವನು. ಬೂಟು ಕಾಲಿಗೆ ಸರಿಯಾಗಿತ್ತು. ನೀರನ್ನು ಬಲಗೈಯಲ್ಲಿ ಕುಡಿದ. ಹಲಗೆಯನ್ನು ಗುಡಿಸಲಿಲ್ಲ, ಮರಳಿನ ಮೇಲೆಯೇ ಕಾಲು ಚಾಚಿ ಕೂತ.

ಮರುದಿನವೂ ಅವನೇ. ಅದರ ಮರುದಿನವೂ.

ಯಾರನ್ನು ಕೇಳುವುದು? ಅವನ ಹೆಸರು ಗೊತ್ತಿಲ್ಲ. ಹೆಸರು ಗೊತ್ತಿದ್ದರೂ ಕೂಗಿ ಕೇಳುವಂತಿಲ್ಲ. ನಡುವೆ ತಂತಿ, ಬಾಂಬು, ಬಯಲು. ರಜೆಗೆ ಹೋದನೋ, ಬೇರೆಡೆಗೆ ಬದಲಿಯಾಯಿತೋ, ಬಿಸಿಲಿಗೆ ಜ್ವರ ಬಂದು ಮಲಗಿದನೋ, ಅಥವಾ ಅವರ ಕಡೆಯೂ ಗಾಳಿ ಗೂಟಗಳನ್ನು ಕಿತ್ತು ಹಾಕಿತ್ತೋ.

ಸಂಜೆ ಫಕೀರಪ್ಪ ಉಸ್ತಾದರ ಮುಂದೆ ಬಂದು ನಿಂತ. ವರದಿ ಕೊಡಲು ಬಾಯಿ ತೆರೆದ.

"ಅಂವ ಇಲ್ರಿ," ಎಂದ.

ಅಷ್ಟು ಹೇಳಿ ಅಲ್ಲೇ ಮರಳಿನ ಮೇಲೆ ಕೂತ. ಅಳು ಬಂತು. ಲಾರಿ ಹೊರಟಾಗ ಬರದ ಅಳು, ಬರಿದಾದ ಹಾಸಿಗೆಯ ಮುಂದೆ ಬರದ ಅಳು, ಎಲ್ಲವೂ ಈಗ ಒಟ್ಟಿಗೆ ಬಂತು. ಯಾರಿಗಾಗಿ ಅಳುತ್ತಿದ್ದೇನೆಂದು ಸ್ವಲ್ಪ ಹೊತ್ತು ಅವನಿಗೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಆ ಸಪ್ಪಳ ಆದಾಗ," ಎಂದ ಫಕೀರಪ್ಪ. "ಅಡಿವೆಪ್ಪ ಸತ್ತ ಸಪ್ಪಳ. ಅದು ಕೇಳಿದಾಗ ನನಗ ಖುಷಿ ಆಗಿತ್ರಿ."

ಉಸ್ತಾದರು ಅವನನ್ನು ನೋಡಲಿಲ್ಲ. ಮರಳನ್ನು ನೋಡುತ್ತಿದ್ದರು.

"ನನಗೂ ಆಗಿತ್ತು," ಎಂದರು.

ಕತ್ತಲಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಮರುದಿನ ಉಸ್ತಾದರು ತಮ್ಮ ಹಾಸಿಗೆ ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಫಕೀರಪ್ಪನ ಗುಂಡಿಗೆ ಬಂದರು. ಸುಬೇದಾರರಾದವರು ಸಿಪಾಯಿಯ ಗುಂಡಿಯಲ್ಲಿ ಮಲಗುವ ಪದ್ಧತಿಯಿಲ್ಲ. ಕಂಡವರು ಮುಖ ಮುಖ ನೋಡಿಕೊಂಡರು. ಉಸ್ತಾದರು ಬರಿದಾಗಿದ್ದ ಅರ್ಧದಲ್ಲಿ ಹಾಸಿಗೆ ಬಿಚ್ಚಿದರು, ಬೂಟು ಕಳಚಿಟ್ಟರು, ಗೋಡೆಯ ಕಡೆ ತಿರುಗಿ ಮಲಗಿದರು. ಅವರಿಗೆ ಜೋರು ಗೊರಕೆ. ಫಕೀರಪ್ಪನಿಗೆ ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ ಹತ್ತಿತು.

ಯುದ್ಧ ಬರಲಿಲ್ಲ.

ಎಲ್ಲೋ ದೂರದ ಊರಿನಲ್ಲಿ ದೊಡ್ಡವರು ಕೂತು ಮಾತಾಡಿದರು. ಒಂದು ದಿನ ಆದೇಶ ಬಂತು, ಹಿಂದಿರುಗಿ ಎಂದು. ಹೂಳಿದ್ದನ್ನೆಲ್ಲ ಈಗ ತೆಗೆಯಬೇಕಿತ್ತು. ಹೂಳುವಾಗ ಬರೆದಿಟ್ಟ ನಕ್ಷೆಗೂ ಈಗಿನ ನೆಲಕ್ಕೂ ತಾಳೆಯಾಗಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತ, ಗೇಣು ಗೇಣು ನೆಲವನ್ನು ಕಡ್ಡಿಯಿಂದ ಚುಚ್ಚಿ ನೋಡುತ್ತ, ಒಂದೊಂದನ್ನೇ ಎತ್ತಿದರು. ಉಸ್ತಾದರು ಎಲ್ಲರಿಗಿಂತ ಮುಂದೆ ತೆವಳುತ್ತಿದ್ದರು. ಅವರ ಹಿಂದೆ, ಅವರ ಮೈ ಒತ್ತಿದ ಗುರುತಿನಲ್ಲೇ, ಫಕೀರಪ್ಪ.

ಮರಳಿ ಹೋಗುವಾಗ ರೈಲು ಅವೇ ನಿಲ್ದಾಣಗಳಲ್ಲಿ ನಿಂತಿತು. ಯಾರೂ ಬಂದಿರಲಿಲ್ಲ. ಒಂದು ಕಡೆ ಚಹಾದವನು ಬಂದು, ದುಡ್ಡು ಎಣಿಸಿಕೊಂಡು ಹೋದ.

ಉಸ್ತಾದರು ನಿವೃತ್ತರಾದರು. ಫಕೀರಪ್ಪನಿಗೆ ರಜೆ ಸಿಕ್ಕಿತು. ನಿಲ್ದಾಣದಲ್ಲಿ ಬೀಳ್ಕೊಳ್ಳುವಾಗ ಉಸ್ತಾದರು ಅವನನ್ನು, ಊರಿಗೆ ಹೋಗುವ ಮೊದಲು ನನ್ನ ಜತೆ ಬಾ ಎಂದು ಕರೆದರು. ಎಲ್ಲಿಗೆಂದು ಅವನು ಕೇಳಲಿಲ್ಲ.

ಅಡಿವೆಪ್ಪನಿಗೆ ಅಪ್ಪ ಅವ್ವ ಇರಲಿಲ್ಲ. ಅವನನ್ನು ಸಾಕಿದವಳು ಅಕ್ಕ ಕಾಶವ್ವ. ಗೋಕಾಕದ ದಾರಿಯ ಒಂದು ಕೂಡುರಸ್ತೆಯಲ್ಲಿ ಅವಳದೊಂದು ಚಹಾದಂಗಡಿ. ಮುಂದೆ ಒಲೆ, ಎರಡು ಬೆಂಚು. ಹಿಂದೆ ಒಂದು ಪರದೆ, ಪರದೆಯ ಆಚೆ ಅವಳ ಮನೆ. ಗೋಡೆಯ ಮೇಲೆ ಸಮವಸ್ತ್ರದ ಅಡಿವೆಪ್ಪನ ಫೋಟೋ ಇತ್ತು. ಅದಕ್ಕೆ ಹಾಕಿದ ಹಾರ ಒಣಗಿತ್ತು. ದೊಡ್ಡವರೆಲ್ಲ ಬಂದು, ಮಾತಾಡಿ, ಫೋಟೋ ತೆಗೆಸಿಕೊಂಡು ಹೋಗಿ ಬಹಳ ಕಾಲವಾಗಿತ್ತು.

ಇವರು ಯಾರೆಂದು ತಿಳಿದಾಗ ಕಾಶವ್ವ ಅಳಲಿಲ್ಲ. ಮಿರ್ಚಿ ಕರಿಯುವ ಬಾಣಲೆ ಇಳಿಸಿ, ಕೈ ಒರೆಸಿಕೊಂಡು ಎದುರಿನ ಬೆಂಚಿನ ಮೇಲೆ ಕೂತಳು. ಅಡಿವೆಪ್ಪನ ಗುಂಡಿಯಲ್ಲೇ ಇದ್ದವನು ಇವನು ಎಂದು ಉಸ್ತಾದರು ಹೇಳಿದಾಗ ಅವಳ ಮುಖ ಅರಳಿತು. ಫಕೀರಪ್ಪನ ಕಡೆ ತಿರುಗಿ ಕೂತಳು.

ಹೇಗೆ ಸತ್ತ ಎಂದು ಅವಳು ಕೇಳಲಿಲ್ಲ. ಅದನ್ನು ಎಲ್ಲರೂ ಹೇಳಿದ್ದರು. ಅವಳು ಕೇಳಿದ್ದು ಬೇರೆ. ಅಲ್ಲಿ ಅವನಿಗೆ ನಿದ್ದೆ ಹತ್ತುತ್ತಿತ್ತೇ? ಚಿಕ್ಕವನಿದ್ದಾಗ ಸೆರಗಿನ ತುದಿ ಕೈಯಲ್ಲಿ ಹಿಡಿಯದೆ ಮಲಗುತ್ತಿರಲಿಲ್ಲವಂತೆ. ಚಳಿಗೆ ಕಿವಿ ನೋಯುತ್ತಿತ್ತೇ? ಎಡಗಿವಿಯೋ ಬಲಗಿವಿಯೋ? ಒಂದು ಹುಡುಗಿಯ ವಿಷಯ ಏನೋ ಹೇಳಬೇಕು, ಬಂದಾಗ ಹೇಳುತ್ತೇನೆ ಎಂದಿದ್ದನಂತೆ. ಯಾರು ಆ ಹುಡುಗಿ? ನಿನಗೆ ಹೇಳಿಯೇ ಇರಬೇಕು, ಅವನ ಬಾಯಲ್ಲಿ ಏನು ನಿಲ್ಲುತ್ತದೆ ಎಂದು ನಕ್ಕಳು.

ಫಕೀರಪ್ಪ ಅವಳು ಕೊಟ್ಟಿದ್ದ ಚಹಾದ ಲೋಟವನ್ನು ಬೆಂಚಿನ ಮೇಲಿಟ್ಟ.

ಹೇಳಿದ್ದ. ಅಡಿವೆಪ್ಪ ಎಲ್ಲವನ್ನೂ ಹೇಳಿದ್ದ. ಬೆಳಗಿನಿಂದ ಸಂಜೆಯವರೆಗೆ ಹೇಳಿದ್ದ. ಇವನು ಹ್ಞೂಂ ಎಂದಿದ್ದ.

"ಹ್ವಾದ ದಿವಸ ಮುಂಜಾನಿ ಏನಂದಾ ನನ್ನ ತಮ್ಮ?" ಎಂದು ಕೇಳಿದಳು ಕಾಶವ್ವ. "ಏನರೆ ಅಂದಿರಬೇಕಲ್ಲಪಾ."

ಆ ಬೆಳಗು ಫಕೀರಪ್ಪನ ಕಣ್ಣ ಮುಂದೆ ಬಂತು. ಎದುರಿನವನು ಗುಡಿಸುತ್ತಿದ್ದ. ಗೋಣಿಯ ತುಂಡಿನ ಒಂದು ಮೂಲೆ ಹರಿದಿತ್ತು. ಬೆನ್ನ ಹಿಂದೆ ಅಡಿವೆಪ್ಪ ಬೂಟಿನ ದಾರ ಕಟ್ಟುತ್ತ ಏನೋ ಹೇಳುತ್ತಿದ್ದ, ನಡುವೆ ಒಮ್ಮೆ ನಕ್ಕಿದ್ದ. ದನಿ ನೆನಪಿಗೆ ಬಂತು. ಮಾತು ಬರಲಿಲ್ಲ.

"ನನಗ ನೆನಪಿಲ್ಲವ್ವಾ," ಎಂದ.

ಕಾಶವ್ವ ಸಿಟ್ಟಾಗಲಿಲ್ಲ. ಇರಲಿ ಬಿಡಪಾ ಎಂದಳು. ಚಹಾ ಆರಿತು, ಕುಡಿಯಿರಿ ಎಂದಳು. ಆಮೇಲೆ ಎದ್ದು ಪರದೆ ಸರಿಸಿ ಒಳಗೆ ಹೋದಳು. ಹೊರಗೆ ಬರಲಿಲ್ಲ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.

ಗುರು ಶಿಷ್ಯರು ರಸ್ತೆಗೆ ಬಂದು ನಿಂತರು. ದೂರದಲ್ಲಿ ಬಸ್ಸಿನ ಧೂಳು ಕಾಣಿಸುತ್ತಿತ್ತು.

"ಅಟ್ಟಣೆ ಮ್ಯಾಲಿನಂವ ಯಾವ ಕೈಲೆ ನೀರ ಕುಡೀತಿದ್ದ, ಈಗ ಕೇಳ್ರಿ, ಹೇಳ್ತೀನಿ," ಎಂದ ಫಕೀರಪ್ಪ. "ಅಡಿವೆಪ್ಪ ನನ್ನ ಬಗಲಾಗ ಇದ್ದ."

ಉಸ್ತಾದರು ಬರುತ್ತಿದ್ದ ಧೂಳಿನ ಕಡೆ ನೋಡಿದರು.

"ಆ ಕಡೆ ನೋಡಂದಾವರು ನೀವು. ನಾ ನೋಡಿದ್ನಿ."

"ಹೌದು," ಎಂದರು ಉಸ್ತಾದರು. ಅವರ ದನಿ ಮುದುಕನ ದನಿಯಾಗಿತ್ತು. "ನಾನೂ ಆ ಕಡೇನ ನೋಡಾಕತ್ತಿದ್ದೆ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಬೇಗ ಹತ್ತಿ ಎಂದ. ಫಕೀರಪ್ಪ ಬಗ್ಗಿ ತನ್ನ ಚೀಲ ಎತ್ತಿಕೊಂಡ. ಉಸ್ತಾದರು ಅದನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ನೆಲದ ಮೇಲಿಟ್ಟರು.

"ಬಸ್ಸು ಇನ್ನೊಂದು ಬರ್ತೈತಿ," ಎಂದರು. "ಒಳಗ ಆಕಿ ಒಬ್ಬಾಕೀನ ಅದಾಳ. ಹೋಗು."